ಚಿಪ್ ಸಂಗೀತ: ದನಿ ಸಿಕ್ಕಿತು, ನಡೆ ಎಲ್ಲಿ?

ಸಂಗೀತ ಮಾಡುವ ಯಾವುದಾದರೂ ಹೊಸ ಸಾಫ್ಟ್‌ವೇರ್ ತೆರೆದು ಅದರ ಸಿದ್ಧ ದನಿಗಳ ಪಟ್ಟಿಯಲ್ಲಿ ಇಳಿಯುತ್ತ ಹೋದರೆ, ಪಿಯಾನೊ, ಪಿಟೀಲು, ಕೊಳಲುಗಳನ್ನೆಲ್ಲ ದಾಟಿದ ಮೇಲೆ ಎಲ್ಲೋ ಒಂದು ಕಡೆ ‘8-ಬಿಟ್’, ‘ರೆಟ್ರೊ’, ‘ಚಿಪ್’ ಎಂಬ ಹೆಸರುಗಳು ಸಿಗುತ್ತವೆ. ಅವುಗಳಲ್ಲಿ ಒಂದನ್ನು ಆರಿಸಿ ಕೀಲಿ ಒತ್ತಿದರೆ ಮೂಗಿನಲ್ಲಿ ಹಾಡಿದಂಥ, ಅಂಚು ಹರಿತವಾದ ದನಿಯೊಂದು ಹೊರಡುತ್ತದೆ. ಕೇಳಿದವರು ತಕ್ಷಣ ‘ಹಳೇ ವಿಡಿಯೋ ಗೇಮ್’ ಎನ್ನುತ್ತಾರೆ. ಈಗ 1985ರ ಸುಮಾರಿನ ನಿಜವಾದ ಗೇಮ್ ಸಂಗೀತವೊಂದನ್ನು ಅದೇ ದನಿಯಲ್ಲಿ ನುಡಿಸಿ ನೋಡಿ. ಸ್ವರಗಳು ಸರಿ, ವೇಗ ಸರಿ, ದನಿಯೂ ಹೆಚ್ಚುಕಮ್ಮಿ ಅದೇ. ಆದರೂ ಹಾಡಿಗೆ ಜೀವ ಬರುವುದಿಲ್ಲ.

ಕನ್ನಡ ಸಿನಿಮಾದಲ್ಲಿ ಧಾರವಾಡದ ಪಾತ್ರವೊಂದು ಬಂದಾಗ ಎಷ್ಟೋ ಸಲ ಆಗುವುದೂ ಇದೇ. ಬೆಂಗಳೂರಿನ ಕನ್ನಡದಲ್ಲಿ ಯೋಚಿಸಿ ಬರೆದ ಸಂಭಾಷಣೆಯ ಪ್ರತಿ ಸಾಲಿನ ಕೊನೆಗೆ ಒಂದು ‘ರೀ’ ಹಚ್ಚಿದರೆ ಧಾರವಾಡ ಆಯಿತು. ‘ಎಂತ ಮಾರಾಯ್ರೆ’ ಸೇರಿಸಿದರೆ ಮಂಗಳೂರು ಆಯಿತು. ಹೊರಗಿನವರಿಗೆ ಗುರುತು ಸಿಗಲು ಅಷ್ಟು ಸಾಕು. ಆ ಊರಿನವರಿಗೆ ಮಾತ್ರ ಮೊದಲ ವಾಕ್ಯದಲ್ಲೇ ಗೊತ್ತಾಗಿಬಿಡುತ್ತದೆ. ಒಂದು ನುಡಿಯೆಂದರೆ ಅದರ ಉಚ್ಚಾರವಷ್ಟೇ ಅಲ್ಲ. ಯಾವ ಮಾತು ಯಾವುದರ ಹಿಂದೆ ಬರಬೇಕು, ಎಲ್ಲಿ ನುಂಗಬೇಕು, ಎಲ್ಲಿ ಎಳೆಯಬೇಕು, ಎಲ್ಲಿ ಸುಮ್ಮನಿರಬೇಕು ಎಂಬ ನಡೆಯೂ ಅದರೊಳಗೇ ಇರುತ್ತದೆ.

ಹಳೆಯ ಕಂಪ್ಯೂಟರ್‌ಗಳ ಸೌಂಡ್ ಚಿಪ್ ಸಂಗೀತವನ್ನು ಇಂದಿನ ಸಿಂಥಸೈಜರ್‌ಗಳಲ್ಲಿ ಮತ್ತೆ ಕಟ್ಟುವ ಹವ್ಯಾಸಕ್ಕೆ ಈಗ ಒಂದು ಪೀಳಿಗೆಯೇ ಇದೆ. ಆದರೆ ಅದರಲ್ಲಿ ಬಹುಪಾಲು ‘ರೀ’ ಹಚ್ಚುವ ಕೆಲಸ. ಚಿಪ್‌ನ ದನಿಯನ್ನು ನಕಲು ಮಾಡುವುದಕ್ಕೆ ಸುರಿಯುವ ಶ್ರಮದ ಕಾಲು ಭಾಗವೂ ಅದರ ನಡೆಯನ್ನು ಅರಿಯುವುದಕ್ಕೆ ಹೋಗುತ್ತಿಲ್ಲ. ಆ ಚಿಪ್‌ಗಳು ಒಂದೊಂದಾಗಿ ಸಾಯುತ್ತಿರುವ ಈ ಹೊತ್ತಿನಲ್ಲಿ ಇದು ಬರೀ ರುಚಿಯ ಜಗಳವಲ್ಲ. ಮುಂದಿನವರ ಕಿವಿಗೆ ಏನು ಉಳಿಯುತ್ತದೆ ಎಂಬುದು ಇದರ ಮೇಲೆ ನಿಂತಿದೆ.

ಮೂರು ಕಂಠ, 29 ಮನೆ

ಈ ಮಾತಿಗೆ ಅತ್ಯುತ್ತಮ ಉದಾಹರಣೆ 1982ರಲ್ಲಿ ಅಮೆರಿಕದಲ್ಲಿ ಮಾರಾಟಕ್ಕೆ ಬಂದ ಕಮಡೋರ್ 64. ಒಂದು ಕೋಟಿಗೂ ಹೆಚ್ಚು ಮಾರಾಟವಾದ ಈ ಮನೆಬಳಕೆಯ ಕಂಪ್ಯೂಟರ್‌ನೊಳಗೆ ಸಿಡ್ ಎಂಬ ಚಿಪ್ ಇತ್ತು. ಅದರ ಮೊದಲ ಮಾದರಿಯ ಸಂಖ್ಯೆ 6581. ಅದನ್ನು ರೂಪಿಸಿದ ಬಾಬ್ ಯಾನಿಸ್ ಅವರಿಗೆ ಸಿಂಥಸೈಜರ್‌ಗಳ ಹುಚ್ಚು. ಆ ಕಾಲದ ಕಂಪ್ಯೂಟರ್‌ಗಳು ‘ಬೀಪ್’ ಎನ್ನುವುದಕ್ಕಿಂತ ಹೆಚ್ಚೇನೂ ಮಾಡದಿದ್ದಾಗ ಅವರು ಕಂಪ್ಯೂಟರ್‌ನೊಳಗೆ ಒಂದು ವಾದ್ಯವನ್ನೇ ಇಡಲು ಹೊರಟಿದ್ದರು. ಮುಂದೆ ಅವರು ಎನ್ಸಾನಿಕ್ ಎಂಬ ಸಿಂಥಸೈಜರ್ ಕಂಪನಿಯ ಸ್ಥಾಪಕರಲ್ಲಿ ಒಬ್ಬರಾದರು.

ಸಿಡ್ ಚಿಪ್‌ಗೆ ಇದ್ದದ್ದು ಮೂರೇ ಕಂಠ. ಅಂದರೆ ಒಮ್ಮೆಗೆ ಮೂರು ಸ್ವರ, ಅದಕ್ಕಿಂತ ಹೆಚ್ಚಿಲ್ಲ. ಒಂದೊಂದು ಕಂಠವೂ ನಾಲ್ಕು ಬಗೆಯ ಅಲೆಗಳನ್ನು ಹೊರಡಿಸಬಲ್ಲದು: ತ್ರಿಕೋನ, ಗರಗಸದ ಹಲ್ಲಿನಂಥದ್ದು, ಅಗಲ ಬದಲಿಸಬಹುದಾದ ಚೌಕ, ಮತ್ತು ‘ಸ್ಸ್’ ಎನ್ನುವ ನಾಯ್ಸ್. ಸ್ವರ ಎಷ್ಟು ಬೇಗ ಏರಬೇಕು, ಎಲ್ಲಿ ನಿಲ್ಲಬೇಕು, ಹೇಗೆ ಇಳಿಯಬೇಕು ಎಂದು ಹೇಳಲು ಪ್ರತಿ ಕಂಠಕ್ಕೂ ಬೇರೆ ಬೇರೆ ಏರ್ಪಾಡು ಇತ್ತು. ಮೂರೂ ಕಂಠಕ್ಕೆ ಸೇರಿ ಒಂದೇ ಒಂದು ಫಿಲ್ಟರ್. ಇವೆಲ್ಲವನ್ನೂ ನಿಯಂತ್ರಿಸಲು ಚಿಪ್‌ನಲ್ಲಿ 29 ರಿಜಿಸ್ಟರ್‌ಗಳಿದ್ದವು. ಅವನ್ನು 29 ಪುಟ್ಟ ಮನೆಗಳೆಂದುಕೊಳ್ಳಬಹುದು; ಬಹುತೇಕ ಎಲ್ಲದರಲ್ಲೂ ಒಂದೊಂದು ಅಂಕಿ ಇಟ್ಟರೆ ಚಿಪ್ ಹಾಡುತ್ತದೆ.

ಇಲ್ಲೇ ಮೊದಲ ತಪ್ಪು ತಿಳಿವಳಿಕೆ ಹುಟ್ಟುತ್ತದೆ. ‘8-ಬಿಟ್ ಸಂಗೀತ’ ಎಂಬ ಹೆಸರನ್ನು ನಂಬಿ ಅನೇಕರು ಇಂದಿನ ಸಿಂಥ್‌ನ ದನಿಯನ್ನು ಬಿಟ್‌ಕ್ರಶರ್ ಎಂಬ ಸಾಧನಕ್ಕೆ ಹಾಕಿ ಅರೆಯುತ್ತಾರೆ. ಅದು ದನಿಯ ನುಣುಪನ್ನು ಕಿತ್ತು ತರಿತರಿ ಮಾಡುತ್ತದೆ. ಆದರೆ 8-ಬಿಟ್ ಎಂಬುದು ಆ ಕಂಪ್ಯೂಟರ್‌ನ ಪ್ರೊಸೆಸರ್‌ಗೆ ಸಂಬಂಧಿಸಿದ ಮಾತು, ದನಿಗಲ್ಲ. ಸಿಡ್ ಚಿಪ್ ಸ್ವರದ ಎತ್ತರವನ್ನು 16 ಬಿಟ್‌ನಲ್ಲಿ, ಚೌಕದ ಅಲೆಯ ಅಗಲವನ್ನು 12 ಬಿಟ್‌ನಲ್ಲಿ ಅಳೆಯುತ್ತಿತ್ತು. ಅದರ ಫಿಲ್ಟರ್ ಅನಲಾಗ್. ಅದರ ದನಿಗೆ ಒರಟುತನವಿದೆ, ನಿಜ. ಅದು ಜಲ್ಲಿಯ ಒರಟಲ್ಲ, ಸವೆದ ಕಂಬಳಿಯ ಒರಟು. ಬಿಟ್‌ಕ್ರಶರ್ ಹಾಕಿದ ದನಿ ಹಳೆಯ ಚಿಪ್‌ನಂತೆ ಕೇಳುವುದಿಲ್ಲ. ಹಾಳಾದ ಸ್ಪೀಕರ್‌ನಂತೆ ಕೇಳುತ್ತದೆ.

ಸೆಕೆಂಡಿಗೆ ಐವತ್ತು ಸಲ

ದನಿಯನ್ನು ಸರಿಯಾಗಿ ಹಿಡಿದರೂ ಮುಖ್ಯವಾದದ್ದು ಹೊರಗೇ ಉಳಿದಿರುತ್ತದೆ. ಈ ಸಂಗೀತವನ್ನು ಯಾರೂ ಕೀಬೋರ್ಡಿನಲ್ಲಿ ನುಡಿಸಿ ಧ್ವನಿಮುದ್ರಿಸಿಕೊಂಡದ್ದಲ್ಲ. ಅದು ಪ್ರೋಗ್ರಾಮ್ ಆಗಿತ್ತು. ಯುರೋಪಿನ ಟಿವಿ ಪರದೆ ಸೆಕೆಂಡಿಗೆ 50 ಸಲ ಹೊಸದಾಗಿ ಮೂಡುತ್ತಿತ್ತು. ಪ್ರತಿ ಸಲವೂ ಕಂಪ್ಯೂಟರ್ ಗೇಮ್‌ನ ಕೆಲಸ ನಿಲ್ಲಿಸಿ ಒಂದು ಕ್ಷಣ ಸಂಗೀತದ ಪ್ರೋಗ್ರಾಮಿನ ಕಡೆ ಹೊರಳುತ್ತಿತ್ತು. ಆ ಪ್ರೋಗ್ರಾಮ್ 29 ಮನೆಗಳಲ್ಲಿ ಬೇಕಾದಷ್ಟನ್ನು ಬದಲಿಸಿ ಮತ್ತೆ ಗೇಮ್‌ಗೆ ದಾರಿ ಬಿಡುತ್ತಿತ್ತು. ಹಾಗಾಗಿ ಈ ಸಂಗೀತದ ಅತಿ ಸಣ್ಣ ಅಳತೆ ಸೆಕೆಂಡಿನ ಐವತ್ತನೇ ಒಂದು ಭಾಗ, 20 ಮಿಲಿಸೆಕೆಂಡ್. ಅದರ ನಡುವೆ ಸಾಮಾನ್ಯವಾಗಿ ಏನೂ ಬದಲಾಗುವುದಿಲ್ಲ.

ಈ ಒಂದು ಸಂಗತಿಯಿಂದ ಉಳಿದದ್ದೆಲ್ಲ ಹುಟ್ಟುತ್ತದೆ. ಮೊದಲನೆಯದು ಲಯ. ಒಂದು ಪೆಟ್ಟನ್ನು ನಾಲ್ಕಾಗಿ ಒಡೆದು, ಒಂದೊಂದು ತುಂಡಿಗೆ ಆರು ಮಿಡಿತ ಕೊಟ್ಟರೆ ನಿಮಿಷಕ್ಕೆ ಸರಿಯಾಗಿ 125 ಪೆಟ್ಟಿನ ವೇಗ ಬರುತ್ತದೆ. ಐದು ಮಿಡಿತ ಕೊಟ್ಟರೆ 150. ಏಳು ಕೊಟ್ಟರೆ 107ರ ಆಸುಪಾಸು. ನಡುವಿನ 130 ಬೇಕೆಂದರೆ ಸುಲಭವಾಗಿ ಸಿಗದು. ಇಂದಿನ ಸಾಫ್ಟ್‌ವೇರ್‌ನಲ್ಲಿ ವೇಗ ಒಂದು ಇಳಿಜಾರು. ಎಲ್ಲಿ ಬೇಕಾದರೂ ನಿಲ್ಲಬಹುದು. ಅಲ್ಲಿ ಅದು ಮೆಟ್ಟಿಲು.

ಎರಡನೆಯದು ಕಾರ್ಡ್. ಪಾಶ್ಚಾತ್ಯ ಸಂಗೀತಕ್ಕೆ ಮೂರು ಸ್ವರ ಒಟ್ಟಿಗೆ ನುಡಿಯುವ ಕಾರ್ಡ್ ಬೇಕೇ ಬೇಕು. ಇರುವ ಮೂರೂ ಕಂಠವನ್ನು ಅದಕ್ಕೇ ಕೊಟ್ಟರೆ ರಾಗಕ್ಕೆ, ಬೇಸ್‌ಗೆ ಯಾರು? ಉಪಾಯ ಸರಳ. ಒಂದೇ ಕಂಠ ಆ ಮೂರು ಸ್ವರಗಳನ್ನು ಒಂದರ ಹಿಂದೆ ಒಂದರಂತೆ, ಒಂದೊಂದನ್ನೂ 20 ಮಿಲಿಸೆಕೆಂಡ್ ಮಾತ್ರ, ಸುತ್ತಿ ಸುತ್ತಿ ಹಾಡಬೇಕು. ಕಿವಿ ಅದನ್ನು ಅರ್ಧ ಕಾರ್ಡ್ ಆಗಿ, ಅರ್ಧ ಮಿಣುಕಾಗಿ ಕೇಳುತ್ತದೆ. ನೀರು ಕುದಿಯುವಂತೆ ಗುಳುಗುಳು ಎನ್ನುವ ಆ ದನಿಯೇ ಇಡೀ ಶೈಲಿಯ ಮುಖಮುದ್ರೆಯಾಯಿತು.

ಇದನ್ನು ಇಂದಿನ ಸಿಂಥ್‌ನಲ್ಲಿ ಮಾಡುವಾಗ ಎಲ್ಲರ ಕೈಯೂ ಅರ್ಪೆಜಿಯೇಟರ್ ಎಂಬ ಗುಂಡಿಯ ಕಡೆ ಹೋಗುತ್ತದೆ. ಕಾರ್ಡ್ ಒತ್ತಿ ಹಿಡಿದರೆ ಅದು ಸ್ವರಗಳನ್ನು ಬಿಡಿಬಿಡಿಯಾಗಿ ನುಡಿಸುತ್ತದೆ. ಆದರೆ 125ರ ವೇಗದಲ್ಲಿ, ಪೆಟ್ಟನ್ನು ಎಂಟಾಗಿ ಒಡೆಯುವ ಚುರುಕಾದ ಗತಿಗೆ ಇಟ್ಟರೂ ಒಂದೊಂದು ಸ್ವರ 60 ಮಿಲಿಸೆಕೆಂಡ್ ನಿಲ್ಲುತ್ತದೆ. ಚಿಪ್‌ನಲ್ಲಿ ಆ 60 ಮಿಲಿಸೆಕೆಂಡ್‌ನೊಳಗೆ ಮೂರೂ ಸ್ವರ ಮುಗಿದು ಇನ್ನೊಂದು ಸುತ್ತು ಶುರುವಾಗಿರುತ್ತದೆ. ಒಂದರಲ್ಲಿ ಮೆಟ್ಟಿಲು ಹತ್ತುವ ಸದ್ದು, ಇನ್ನೊಂದರಲ್ಲಿ ಒಂದೇ ಸ್ವರ ನಡುಗಿದ ಅನುಭವ. ದನಿ ಅದೇ ಇದ್ದರೂ ವ್ಯಾಕರಣ ಬೇರೆ.

ಮೂರನೆಯದು ತಾಳವಾದ್ಯ. ಸಿಡ್‌ನಲ್ಲಿ ಡ್ರಮ್ ಇರಲಿಲ್ಲ. ಒಂದು ಮಿಡಿತದಷ್ಟು ನಾಯ್ಸ್, ಅದರ ಬೆನ್ನಿಗೇ ಸರ್ರನೆ ಕೆಳಗಿಳಿಯುವ ಚೌಕದ ಅಥವಾ ತ್ರಿಕೋನದ ಅಲೆ, ಇಷ್ಟರಲ್ಲೇ ಡ್ರಮ್ ತಯಾರು. ಅಷ್ಟೂ ಮುಗಿದು ಮಿಕ್ಕ ಮಿಡಿತಗಳಲ್ಲಿ ಅದೇ ಕಂಠ ಬೇಸ್ ನುಡಿಸಲು ಓಡುತ್ತಿತ್ತು. ಬಡತನದ ಮನೆಯಲ್ಲಿ ಒಂದೇ ಒಳ್ಳೆಯ ಅಂಗಿಯನ್ನು ಅಣ್ಣ ಬೆಳಗಿನ ಕಾಲೇಜಿಗೆ, ತಮ್ಮ ಮಧ್ಯಾಹ್ನದ ಕಾಲೇಜಿಗೆ ಹಾಕಿಕೊಂಡು ಹೋದಂತೆ. ಬೇಸ್ ಮತ್ತು ಡ್ರಮ್ ಎಂದೂ ಒಟ್ಟಿಗೆ ಕಾಣಿಸಿಕೊಳ್ಳುವುದಿಲ್ಲ. ಆದರೆ ಕೇಳುವವರಿಗೆ ಇಬ್ಬರೂ ಇದ್ದಾರೆ ಎನಿಸುತ್ತದೆ. ಇಂದಿನ ಮರುಸೃಷ್ಟಿಯಲ್ಲಿ ಬೇಸ್‌ಗೊಂದು ಟ್ರ್ಯಾಕ್, ಡ್ರಮ್‌ಗೊಂದು ಟ್ರ್ಯಾಕ್. ಅಣ್ಣತಮ್ಮಂದಿರಿಬ್ಬರಿಗೂ ಹೊಸ ಅಂಗಿ ಬಂದಿದೆ, ಒಳ್ಳೆಯದೇ. ಆದರೆ ಆ ಓಡಾಟದಿಂದ ಹಾಡಿಗೆ ಬಂದಿದ್ದ ಚಡಪಡಿಕೆ ಮಾಯವಾಗಿದೆ.

ದೋಷವನ್ನು ಪಳಗಿಸಿದವರು

ಈ ನಡೆಯನ್ನು ಕಟ್ಟಿದವರು ಕೆಲವೇ ಜನ. ಇಂಗ್ಲೆಂಡಿನ ಹಲ್ ನಗರದ ರಾಬ್ ಹಬ್ಬರ್ಡ್ ಮೊದಲು ವೃತ್ತಿಪರ ಸಂಗೀತಗಾರ, ಆಮೇಲೆ ತಾನೇ ಪ್ರೋಗ್ರಾಮಿಂಗ್ ಕಲಿತವರು. ಮ್ಯಾಂಚೆಸ್ಟರ್‌ನ ಓಷನ್ ಕಂಪನಿಯಲ್ಲಿ ಮಾರ್ಟಿನ್ ಗಾಲ್ವೇ ಇದ್ದರು. ಜರ್ಮನಿಯ ಕ್ರಿಸ್ ಹ್ಯೂಲ್ಸ್‌ಬೆಕ್ 1986ರಲ್ಲಿ ಸೌಂಡ್‌ಮಾನಿಟರ್ ಎಂಬ ಪ್ರೋಗ್ರಾಮನ್ನು ಅಲ್ಲಿನ ಕಂಪ್ಯೂಟರ್ ಪತ್ರಿಕೆಯೊಂದರ ಮೂಲಕ ಹಂಚಿ, ಮನೆಯಲ್ಲೇ ಕೂತು ಸಂಗೀತ ಕಟ್ಟುವ ದಾರಿಯನ್ನು ಸಾವಿರಾರು ಹುಡುಗರಿಗೆ ತೆರೆದರು. ಇವರೆಲ್ಲ ಚಿಪ್‌ನ ಶಕ್ತಿಯನ್ನು ಬಳಸಿದ್ದಕ್ಕಿಂತ ಅದರ ದೋಷಗಳನ್ನು ಪಳಗಿಸಿದ್ದು ಹೆಚ್ಚು.

ಸಿಡ್‌ನಲ್ಲಿ ಒಂದು ತಪ್ಪಿತ್ತು. ಹಿಂದಿನ ಸ್ವರ ಪೂರ್ತಿ ಆರುವ ಮೊದಲೇ ಹೊಸ ಸ್ವರ ಶುರುಮಾಡಿದರೆ ಕೆಲವೊಮ್ಮೆ ಅದು ತಡವಾಗಿ ಏಳುತ್ತಿತ್ತು. 33 ಮಿಲಿಸೆಕೆಂಡ್‌ವರೆಗೂ ತಡ. ಲಯಕ್ಕೆ ಅಷ್ಟು ಎಡವಟ್ಟು ಸಾಕು. ಸಂಗೀತಗಾರರು ಅದಕ್ಕೆ ಮದ್ದು ಕಂಡುಕೊಂಡರು: ಹೊಸ ಸ್ವರಕ್ಕೆ ಒಂದೆರಡು ಮಿಡಿತ ಮೊದಲೇ ಹಳೆಯದರ ಕತ್ತು ಹಿಸುಕಿ ಸುಮ್ಮನಾಗಿಸುವುದು. ಅದರಿಂದ ಪ್ರತಿ ಸ್ವರದ ಮುಂಚೆ ಒಂದು ಚೂರು ಮೌನ ಬಂತು. ಆ ಮೌನದಿಂದಲೇ ಸ್ವರಗಳಿಗೆ ಕಚ್ಚುವ ಗುಣ ಬಂತು. ಇಂದಿನ ಸಿಂಥ್‌ಗೆ ಆ ರೋಗವಿಲ್ಲ, ಹಾಗಾಗಿ ಅದರ ಮದ್ದೂ ಇಲ್ಲ. ಸ್ವರಗಳು ಒಂದರ ಮೇಲೊಂದು ಹಾಯಾಗಿ ಒರಗಿಕೊಳ್ಳುತ್ತವೆ. ಮರುಸೃಷ್ಟಿ ‘ಮೆತ್ತಗೆ’ ಕೇಳುತ್ತದೆ ಎಂದು ದೂರುವವರು ಫಿಲ್ಟರ್ ತಿರುಗಿಸುತ್ತ ಕೂರುತ್ತಾರೆ. ಬೇಕಾದದ್ದು ಆ ಚೂರು ಮೌನ.

ಇನ್ನೊಂದು ದೋಷ ವಾಲ್ಯೂಮ್‌ನದು. 6581ರಲ್ಲಿ ವಾಲ್ಯೂಮ್ ಬದಲಿಸಿದಾಗಲೆಲ್ಲ ‘ಟಿಕ್’ ಎಂದು ಸದ್ದಾಗುತ್ತಿತ್ತು. ಸೆಕೆಂಡಿಗೆ ಸಾವಿರಾರು ಸಲ ಅದನ್ನು ಬದಲಿಸಿದರೆ ಆ ಟಿಕ್‌ಗಳೇ ಸೇರಿ ಮನುಷ್ಯನ ಮಾತು, ಡ್ರಮ್ ಏನು ಬೇಕಾದರೂ ಆಗಬಹುದು ಎಂದು ಕಂಡುಕೊಂಡರು. ಮೂರು ಕಂಠದ ಚಿಪ್‌ಗೆ ಹೀಗೆ ನಾಲ್ಕನೆಯ ಕಂಠ ಬಂತು. ಮುಂದೆ ಕಂಪನಿ ದೋಷಗಳನ್ನು ತಿದ್ದಿ 8580 ಎಂಬ ಹೊಸ ಮಾದರಿ ತಂದಾಗ ಆ ನಾಲ್ಕನೆಯ ಕಂಠ ಪಿಸುಮಾತಿಗಿಳಿಯಿತು. ತಿದ್ದಿದ್ದೇ ತಪ್ಪಾಯಿತು.

ಫಿಲ್ಟರ್‌ನ ಕತೆ ಇನ್ನೂ ವಿಚಿತ್ರ. 6581 ಚಿಪ್‌ಗಳನ್ನು ಮಾಡುವಾಗ ಒಂದಕ್ಕೂ ಇನ್ನೊಂದಕ್ಕೂ ಸಣ್ಣ ವ್ಯತ್ಯಾಸ ಉಳಿದುಬಿಡುತ್ತಿತ್ತು. ಒಂದೇ ಹಾಡು ಒಬ್ಬರ ಮನೆಯ ಯಂತ್ರದಲ್ಲಿ ಮಂಕಾಗಿ, ಪಕ್ಕದ ಮನೆಯಲ್ಲಿ ಖಣಖಣ ಎಂದು ಕೇಳುತ್ತಿತ್ತು. ಸಂಗೀತಗಾರ ತನ್ನ ಮೇಜಿನ ಮೇಲಿದ್ದ ಚಿಪ್‌ಗೆ ಹೊಂದಿಸಿ ಬರೆದದ್ದು ಊರಿಗೆಲ್ಲ ಒಂದೇ ಥರ ಕೇಳಲಿಲ್ಲ. ಇದರ ಜೊತೆಗೆ ದೇಶದ ವ್ಯತ್ಯಾಸ: ಅಮೆರಿಕದ ಟಿವಿ ಸೆಕೆಂಡಿಗೆ 60 ಸಲ ಮೂಡುತ್ತಿದ್ದರಿಂದ ಯುರೋಪಿನಲ್ಲಿ ಬರೆದ ಹಾಡು ತಿದ್ದುಪಡಿ ಇಲ್ಲದೆ ಅಲ್ಲಿಗೆ ಹೋದರೆ ಐದನೇ ಒಂದು ಭಾಗದಷ್ಟು ವೇಗವಾಗಿ ಓಡುತ್ತಿತ್ತು.

ಭಾರತದ ಮನೆಗಳಲ್ಲಿ ಕೇಳಿದ್ದು ಯಾವುದು?

ಹಾಗಾದರೆ ‘ಮೂಲ’ ಯಾವುದು? ಈ ಪ್ರಶ್ನೆಗೆ ಅನೇಕರು ಕೊಡುವ ಉತ್ತರ, ‘ಚಿಕ್ಕಂದಿನಲ್ಲಿ ಕೇಳಿದ್ದು’. ಮರುಸೃಷ್ಟಿ ಮಾಡುವವರಲ್ಲಿ ಹೆಚ್ಚಿನವರನ್ನು ನಡೆಸುವುದು ಇದೇ ನೆನಪು. ಈ ನೆನಪನ್ನು ಅಲ್ಲಗಳೆಯಬೇಕಿಲ್ಲ. ಆದರೆ ಅದನ್ನೇ ಅಳತೆಗೋಲು ಮಾಡಿಕೊಂಡರೆ ಏನಾಗುತ್ತದೆ ಎಂಬುದಕ್ಕೆ ಭಾರತಕ್ಕಿಂತ ಒಳ್ಳೆಯ ಸಾಕ್ಷಿ ಸಿಗದು.

ಕಮಡೋರ್ 64 ಇಲ್ಲಿನ ಮಧ್ಯಮವರ್ಗದ ಮನೆಗಳಿಗೆ ಬಂದದ್ದು ತೀರಾ ಕಡಿಮೆ. 1990ರ ದಶಕದಲ್ಲಿ ಇಲ್ಲಿಗೆ ಬಂದದ್ದು ಟಿವಿಗೆ ಸಿಕ್ಕಿಸುವ ವಿಡಿಯೋ ಗೇಮ್ ಪೆಟ್ಟಿಗೆ. ಜಪಾನಿನ ನಿಂಟೆಂಡೊ ಕಂಪನಿ 1983ರಲ್ಲಿ ತಂದ ಫ್ಯಾಮಿಕಾಮ್ ಯಂತ್ರದ ನಕಲುಗಳು ಅವು. ಬೇಸಿಗೆ ರಜೆ, ಅಕ್ಕಪಕ್ಕದ ಮಕ್ಕಳೆಲ್ಲ ಒಂದೇ ಹಾಲ್‌ನಲ್ಲಿ, ಊದಿ ಊದಿ ಹಾಕುವ ಕ್ಯಾಸೆಟ್, ‘ಇನ್ನೊಂದೇ ಲೈಫ್’ ಎಂಬ ಗೋಗರೆತ. ಮಾರಿಯೊ ಗೇಮ್‌ನ ಸಂಗೀತ ಆ ಪೀಳಿಗೆಯ ಕಿವಿಯಲ್ಲಿ ಇವತ್ತಿಗೂ ಇದೆ. ಕೋಜಿ ಕೊಂಡೊ 1985ರಲ್ಲಿ ಕಟ್ಟಿದ ಆ ಸಂಗೀತ ಸೆಕೆಂಡಿಗೆ 60 ಮಿಡಿತದ ಯಂತ್ರಕ್ಕೆ ಬರೆದದ್ದು.

ಫ್ಯಾಮಿಕಾಮ್‌ನ ಚಿಪ್‌ನಲ್ಲಿ ಎರಡು ಚೌಕದ ಅಲೆಯ ಕಂಠ, ಒಂದು ತ್ರಿಕೋನದ ಕಂಠ, ಒಂದು ನಾಯ್ಸ್, ಜೊತೆಗೆ ಮುದ್ರಿತ ದನಿಯ ತುಣುಕುಗಳಿಗೆ ಇನ್ನೊಂದು ಇದ್ದವು. ಚೌಕದ ಅಲೆಯ ಅಗಲವನ್ನು ಬದಲಿಸಿ ದನಿಯನ್ನು ತೆಳುವಾಗಿ ಅಥವಾ ತುಂಬಿಕೊಂಡಂತೆ ಮಾಡಬಹುದಿತ್ತು. ತೈವಾನ್‌ನಲ್ಲಿ ತಯಾರಾದ ಅನೇಕ ನಕಲು ಚಿಪ್‌ಗಳಲ್ಲಿ ಒಂದು ಎಡವಟ್ಟಾಗಿತ್ತು: 25 ಶೇಕಡಾ ಅಗಲದ ಅಲೆ ಇರಬೇಕಾದಲ್ಲಿ 50, 50 ಇರಬೇಕಾದಲ್ಲಿ 25 ಬರುವಂತೆ ಎರಡೂ ಅದಲುಬದಲಾಗಿದ್ದವು. ತೆಳು ದನಿ ಬೇಕಾದಲ್ಲಿ ತುಂಬು ದನಿ, ತುಂಬು ದನಿ ಬೇಕಾದಲ್ಲಿ ತೆಳು ದನಿ. ಸಾಲದ್ದಕ್ಕೆ, ಭಾರತದ ಟಿವಿ ಯುರೋಪಿನಂತೆ 50 ಮಿಡಿತದ್ದು. ಅದಕ್ಕೆ ಹೊಂದಿಸಿ ಮಾಡಿದ ಪೆಟ್ಟಿಗೆಗಳಲ್ಲಿ ಸ್ವರದ ಎತ್ತರ ಹೆಚ್ಚುಕಡಿಮೆ ಹಾಗೇ ಉಳಿದರೂ ಹಾಡಿನ ವೇಗ ಆರನೇ ಒಂದು ಭಾಗ ಕುಸಿಯುತ್ತಿತ್ತು.

ಅಂಥ ಪೆಟ್ಟಿಗೆ ಬಂದ ಮನೆಯ ಮಕ್ಕಳು ಜಪಾನಿನ ಮಕ್ಕಳು ಕೇಳಿದ ಹಾಡನ್ನು ಕೇಳಲೇ ಇಲ್ಲ. ಸ್ವರಗಳು ಅವೇ, ನಡಿಗೆ ನಿಧಾನ, ದನಿ ಬೇರೆ. ದೊಡ್ಡವರಾದ ಮೇಲೆ ಆ ಸಂಗೀತದ ಜಪಾನೀ ಮುದ್ರಿಕೆ ಕೇಳಿ ‘ಇದ್ಯಾಕೋ ಅವಸರ ಮಾಡುತ್ತಿದೆ’ ಎನಿಸಿದರೆ ಅದು ಮರೆವಿನ ಆಟವೇ ಆಗಿರಬೇಕೆಂದಿಲ್ಲ. ಅವರ ಕಿವಿಗೆ ಅದೇ ಮೂಲ. ಹಾಗೆಂದು ಅದು ಕೊಂಡೊ ಬರೆದದ್ದೂ ಅಲ್ಲ. ನೆನಪು ಸತ್ಯವೇ, ಆದರೆ ಅದು ಕೇಳಿದ ಯಂತ್ರದ ಬಗ್ಗೆ ಸತ್ಯ, ಹಾಡಿನ ಬಗ್ಗೆ ಅಲ್ಲ. ಯಾವುದನ್ನು ಮರಳಿ ಕಟ್ಟುತ್ತಿದ್ದೇವೆ ಎಂಬುದನ್ನು ಮರುಸೃಷ್ಟಿ ಮಾಡುವವರು ಮೊದಲು ತಮಗೆ ತಾವೇ ಹೇಳಿಕೊಳ್ಳಬೇಕು: ಬರೆದವರ ಹಾಡನ್ನೋ, ತಾವು ಕೇಳಿದ ಪೆಟ್ಟಿಗೆಯನ್ನೋ? ಎರಡೂ ಮಾನ್ಯ. ಎರಡನ್ನೂ ಬೆರೆಸಿ ‘ಇದೇ ಅಸಲಿ’ ಎನ್ನುವುದಷ್ಟೇ ಸುಳ್ಳು.

ಸೆರೆಯನ್ನು ಯಾಕೆ ಪೂಜಿಸಬೇಕು?

ಇಲ್ಲಿ ಗಟ್ಟಿಯಾದ ಒಂದು ಆಕ್ಷೇಪಣೆ ಏಳುತ್ತದೆ. ಆ ಸಂಗೀತಗಾರರೇನೂ ಮೂರು ಕಂಠವನ್ನು ಪ್ರೀತಿಯಿಂದ ಆರಿಸಿಕೊಂಡವರಲ್ಲ. ಇನ್ನೂ ಹತ್ತು ಕಂಠ ಸಿಕ್ಕಿದ್ದರೆ ಬೇಡ ಎನ್ನುತ್ತಿದ್ದರೇ? ಮಿತಿ ಅವರ ಸೆರೆಯಾಗಿತ್ತು. ಅದನ್ನು ದಾಟುವುದೇ ಅವರ ಹೋರಾಟವಾಗಿತ್ತು. ಈಗ ಸ್ವತಂತ್ರರಾದವರು ಮತ್ತೆ ಸೆರೆಯನ್ನು ಕಟ್ಟಿಕೊಂಡು ಅದರೊಳಗೆ ಕೂತು ಹಾಡಬೇಕೇ?

ಈ ಮಾತಿನಲ್ಲಿ ಸತ್ಯವಿದೆ. 2019ರಲ್ಲಿ ರಾಬ್ ಹಬ್ಬರ್ಡ್ ಅವರ ಊರಾದ ಹಲ್‌ನ ಸಿಟಿ ಹಾಲ್‌ನಲ್ಲಿ ಪೂರ್ಣ ಪ್ರಮಾಣದ ವಾದ್ಯವೃಂದವೊಂದು ಕಮಡೋರ್ 64ರ ಗೇಮ್ ಸಂಗೀತವನ್ನು ನುಡಿಸಿತು. ಸೆಕೆಂಡಿಗೆ 50ರ ಮಿಣುಕನ್ನು ಪಿಟೀಲಿನವರಿಂದ ನುಡಿಸಲಾಗದು. ಅಲ್ಲಿ ಆ ಕಾರ್ಡನ್ನು ನಿಜವಾದ ಕಾರ್ಡ್ ಆಗಿಯೇ ಬರೆಯಬೇಕು. ಅಂದರೆ ಚಿಪ್ ತನ್ನ ಬಡತನದಲ್ಲಿ ಯಾವುದನ್ನು ಸೂಚಿಸಲು ಒದ್ದಾಡುತ್ತಿತ್ತೋ ಅದನ್ನು ಪೂರ್ತಿಯಾಗಿ ಹೇಳಬೇಕು. ಇದು ಅನುವಾದದ ದಾರಿ. ಬಿ.ಎಂ.ಶ್ರೀ. ಇಂಗ್ಲಿಷ್ ಕವಿತೆಗಳನ್ನು ಕನ್ನಡಕ್ಕೆ ತಂದಾಗ ಇಂಗ್ಲಿಷ್ ಛಂದಸ್ಸನ್ನು ಹಾಗೇ ಹೊತ್ತು ತರಲಿಲ್ಲ; ಕನ್ನಡದ ಬಾಯಿಗೆ ಒಗ್ಗುವ ನಡೆಗಳನ್ನು ಹುಡುಕಿದರು. ವಾದ್ಯವೃಂದದ ದಾರಿ ಅಂಥದ್ದು. ಮೂಲದ ನಡೆಯನ್ನು ಅರಿತೇ ಬಿಡುವುದು ಬೇರೆ, ಅರಿಯದೆ ಬಿಡುವುದು ಬೇರೆ.

ಇನ್ನೊಂದು ಪ್ರಾಮಾಣಿಕ ದಾರಿ ಶಿಸ್ತಿನದು. ಇಂದಿನ ಸಿಂಥ್‌ನಲ್ಲೇ ಮೂರು ಟ್ರ್ಯಾಕ್ ಮಾತ್ರ ಇಟ್ಟುಕೊಳ್ಳುವುದು. ಪ್ರತಿ ಟ್ರ್ಯಾಕ್‌ನಲ್ಲೂ ಒಮ್ಮೆಗೆ ಒಂದೇ ಸ್ವರ. ವೇಗವನ್ನು 125, 150ರಂಥ ಮೆಟ್ಟಿಲುಗಳಲ್ಲೇ ಇಡುವುದು. ಅಲೆಯ ಅಗಲ, ಸ್ವರದ ಕಂಪನ ಏನೇ ಬದಲಾದರೂ 20 ಮಿಲಿಸೆಕೆಂಡಿಗೊಮ್ಮೆ ಜಿಗಿಯುವಂತೆ ಮಾಡುವುದು, ಎಣ್ಣೆಯಂತೆ ಜಾರದಂತೆ ನೋಡಿಕೊಳ್ಳುವುದು. ಸ್ವರಗಳ ನಡುವೆ ಆ ಚೂರು ಮೌನ ಬಿಡುವುದು. ಇಷ್ಟು ಮಾಡಿದರೆ ದುಬಾರಿ ಸಿಂಥ್ ಬೇಡ. ಅಲೆ ಯಾವುದೇ ಇರಲಿ, ಹಾಡು ಚಿಪ್‌ನ ನುಡಿಯನ್ನು ಆಡತೊಡಗುತ್ತದೆ. ಕೊಳಲಿನ ದನಿಯಲ್ಲಿ ಮಾಡಿದರೂ ಸರಿ, ಬಲ್ಲವರು ತಲೆದೂಗುತ್ತಾರೆ.

ನಿಲ್ಲದಿರುವುದು ಇವೆರಡರ ನಡುವಿನ ದಾರಿ. ಹತ್ತಾರು ಟ್ರ್ಯಾಕ್, ದೇವಸ್ಥಾನದ ಪ್ರಾಂಗಣದಲ್ಲಿ ಹಾಡಿದಷ್ಟು ಪ್ರತಿಧ್ವನಿ, ಅದರ ಮೇಲೊಂದು ‘8-ಬಿಟ್’ ಒಗ್ಗರಣೆ. ಅನುವಾದದ ಧೈರ್ಯವೂ ಇಲ್ಲ, ಅನುಕರಣೆಯ ಶಿಸ್ತೂ ಇಲ್ಲ.

ಉಳಿಯುವುದು ಏನು?

ಇಷ್ಟಕ್ಕೂ ಇದರಿಂದ ಯಾರಿಗೇನು ನಷ್ಟ ಎಂದು ಕೇಳಬಹುದು. ನಷ್ಟವಿದೆ. ಕಮಡೋರ್ ಕಂಪನಿ 1994ರಲ್ಲಿ ದಿವಾಳಿಯಾಯಿತು. ಸಿಡ್ ಚಿಪ್ ತಯಾರಿಕೆ ಎಂದೋ ನಿಂತಿದೆ. ಉಳಿದವು ಬಿಸಿಗೆ, ಸ್ಥಿರವಿದ್ಯುತ್ತಿನ ಒಂದು ಕಿಡಿಗೆ ಸಾಯುತ್ತವೆ. ಸ್ವೀಡನ್‌ನ ಎಲೆಕ್ಟ್ರಾನ್ ಕಂಪನಿ 1990ರ ದಶಕದ ಕೊನೆಯಲ್ಲಿ ನಿಜವಾದ ಸಿಡ್ ಚಿಪ್‌ಗಳನ್ನೇ ಒಳಗಿಟ್ಟು ಸಿಡ್‌ಸ್ಟೇಷನ್ ಎಂಬ ಸಿಂಥಸೈಜರ್ ಮಾಡಿತ್ತು. ಹೊಸ ಚಿಪ್ ಹುಟ್ಟದ ಮೇಲೆ ಅಂಥ ವಾದ್ಯಕ್ಕೆ ಆಯಸ್ಸು ಎಷ್ಟು? ಇಂದಿಗೂ ‘ಅಸಲಿ ದನಿ’ಯ ಮೋಹದಲ್ಲಿ ಕೆಲಸ ಮಾಡುತ್ತಿರುವ ಹಳೆಯ ಕಂಪ್ಯೂಟರ್‌ಗಳಿಂದ ಚಿಪ್ ಕಿತ್ತು ಬೇರೆ ಪೆಟ್ಟಿಗೆಗೆ ಹಾಕುವವರಿದ್ದಾರೆ. ವೀಣೆಯ ತಂತಿ ಬೇಕೆಂದು ವೀಣೆಯನ್ನೇ ಒಡೆದಂತೆ. ಚಿಪ್‌ಗೆ ಅದರ ನಡೆಯನ್ನು ಕೊಡುತ್ತಿದ್ದದ್ದು ಆ ಕಂಪ್ಯೂಟರ್. ಅದನ್ನು ಕಳೆದ ಮೇಲೆ ಉಳಿಯುವುದು ದನಿ ಮಾತ್ರ.

ಅದೃಷ್ಟವಶಾತ್ ಈ ಸಂಗೀತ ಹುಟ್ಟಿನಿಂದಲೇ ಬರಹ. ಹವ್ಯಾಸಿಗಳು ದಶಕಗಳಿಂದ ಕಟ್ಟಿದ ಹೈ ವೋಲ್ಟೇಜ್ ಸಿಡ್ ಕಲೆಕ್ಷನ್ ಎಂಬ ಸಂಗ್ರಹದಲ್ಲಿ 50 ಸಾವಿರಕ್ಕೂ ಹೆಚ್ಚು ಹಾಡುಗಳಿವೆ. ಅವು ಧ್ವನಿಮುದ್ರಿಕೆಗಳಲ್ಲ, ಆ ಕಾಲದ ಪ್ರೋಗ್ರಾಮ್‌ಗಳೇ. ಎಷ್ಟೋ ಹಾಡು ನಾಲ್ಕಾರು ಕಿಲೋಬೈಟ್‌ನಲ್ಲಿ ಮುಗಿಯುತ್ತದೆ. ಬೆಳಗಾದರೆ ವಾಟ್ಸಾಪ್‌ಗೆ ಬರುವ ಒಂದು ಶುಭೋದಯದ ಚಿತ್ರ ಅದಕ್ಕಿಂತ ಎಷ್ಟೋ ಪಟ್ಟು ದೊಡ್ಡದು. ನಾರ್ವೆಯ ಡಾಗ್ ಲೆಮ್ ಬರೆದ ರೀಸಿಡ್‌ನಂಥ ಸಾಫ್ಟ್‌ವೇರ್‌ಗಳು ಚಿಪ್‌ನ ಗುಣದೋಷಗಳನ್ನೆಲ್ಲ ಅನುಸರಿಸಿ ಆ ಪ್ರೋಗ್ರಾಮ್‌ಗಳನ್ನು ಇಂದಿನ ಯಾವ ಲ್ಯಾಪ್‌ಟಾಪ್‌ನಲ್ಲಾದರೂ ಹಾಡಿಸುತ್ತವೆ. ಬರಹ ಉಳಿದಿದೆ, ಓದುವ ಯಂತ್ರವೂ ಇದೆ. ಬೇಕಿರುವುದು ಅದನ್ನು ಓದಬೇಕೆನ್ನುವ ಮನಸ್ಸು.

ಆ ಸಂಗ್ರಹದ ಪ್ರತಿ ಫೈಲಿನ ತಲೆಯಲ್ಲಿ ಕೆಲವು ವಿವರಗಳಿಗೆ ಜಾಗವಿದೆ: ಹಾಡಿನ ಹೆಸರು, ಕಟ್ಟಿದವರ ಹೆಸರು, ಹೊರಬಂದ ವರ್ಷ, 6581ಕ್ಕೆ ಬರೆದದ್ದೋ 8580ಕ್ಕೋ, 50 ಮಿಡಿತದ್ದೋ 60ರದ್ದೋ. ಹಳೆಯ ಹಾಡನ್ನು ಹೊಸ ಸಿಂಥ್‌ನಲ್ಲಿ ಮತ್ತೆ ಕಟ್ಟಿ ಹಂಚುವವರು ಈ ವಿವರಗಳನ್ನು ಹಾಡಿನ ಜೊತೆಗೇ ಕೊಡುವುದನ್ನು ರೂಢಿ ಮಾಡಿಕೊಳ್ಳಬೇಕು. ಅದರ ಕೆಳಗೆ ತಾವು ಏನನ್ನು ಉಳಿಸಿಕೊಂಡೆವು, ಏನನ್ನು ಬಿಟ್ಟೆವು ಎಂದು ಒಂದು ವಾಕ್ಯ ಬರೆದರೆ ಸಾಕು. ಒಳ್ಳೆಯ ಅನುವಾದಕರು ಪುಸ್ತಕದ ಮೊದಲ ಪುಟದಲ್ಲಿ ಮೂಲ ಲೇಖಕರ ಹೆಸರು, ಮೂಲ ಭಾಷೆಯ ಹೆಸರು ಹಾಕುತ್ತಾರೆ. ಅದರಿಂದ ಅವರ ಕೆಲಸದ ತೂಕ ಕಡಿಮೆಯಾಗುವುದಿಲ್ಲ. ಓದುಗರಿಗೆ ಮೂಲಕ್ಕೆ ಹೋಗುವ ದಾರಿ ತೆರೆದಿರುತ್ತದೆ ಅಷ್ಟೆ. ಚಿಪ್‌ಗಳೆಲ್ಲ ಸುಮ್ಮನಾದ ಮೇಲೂ ಆ ದಾರಿ ಇದ್ದರೆ, ಮುಂದೊಂದು ದಿನ ಯಾರೋ ಹುಡುಗಿ ಆ ನಾಲ್ಕು ಕಿಲೋಬೈಟ್ ತೆರೆದು, ಮೂರೇ ಕಂಠದಲ್ಲಿ ಇಷ್ಟೆಲ್ಲ ಹೇಗೆ ಹಾಡಿದರು ಎಂದು ಸಾಲು ಸಾಲಾಗಿ ಓದಿ ಕಲಿಯಬಲ್ಲಳು.